ಹಾನಿವೃದ್ಧಿಯ ಲೆಕ್ಕ: ಬುಕ್ಕರಾಯನ 1368ರ ಶಾಸನ ಮನವೊಲಿಸುವ ಬಗೆ

ಶ್ರವಣಬೆಳಗೊಳದ ಭಂಡಾರಿ ಬಸದಿಯ ಆವರಣದಲ್ಲಿರುವ ಬುಕ್ಕರಾಯನ ಶಾಸನವು ಕನ್ನಡ ನಾಡಿನಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡಿರುವ ಶಾಸನಗಳಲ್ಲಿ ಒಂದು. ಅದರ ಕಾಲ ಶಕವರ್ಷ 1290ರ ಕೀಲಕ ಸಂವತ್ಸರ, ಭಾದ್ರಪದ ಶುದ್ಧ ದಶಮಿ, ಎಂದರೆ ಕ್ರಿ.ಶ. 1368. ಬಿ.ಎಲ್. ರೈಸ್ ಅವರು 1889ರಲ್ಲಿ ಹೊರತಂದ ಬೆಳಗೊಳದ ಶಾಸನಗಳ ಸಂಪುಟದಲ್ಲಿಯೂ ಆರ್. ನರಸಿಂಹಾಚಾರ್ಯರು ಅದನ್ನು ಪರಿಷ್ಕರಿಸಿ 1923ರಲ್ಲಿ ಪ್ರಕಟಿಸಿದ ಆವೃತ್ತಿಯಲ್ಲಿಯೂ ಇದರ ಪಾಠವಿದೆ. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ, ಶಾಸನದ ಮಾತಿನಲ್ಲಿ ಹೇಳುವುದಾದರೆ ಕಲ್ಲೇಹದಲ್ಲಿ, ಇದರ ಇನ್ನೊಂದು ಪ್ರತಿ ದೊರೆತಿದೆ. ನಮ್ಮ ಪಠ್ಯಪುಸ್ತಕಗಳು ಇದನ್ನು ವಿಜಯನಗರದ ಅರಸರ ಮತಸಹಿಷ್ಣುತೆಗೆ ಪ್ರಮಾಣಪತ್ರವೆಂಬಂತೆ ಎರಡು ಸಾಲಿನಲ್ಲಿ ಹೇಳಿ ಮುಂದೆ ಸಾಗುತ್ತವೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಸಹಿಷ್ಣುತೆ ಎಂಬ ಪದವಾಗಲಿ, ಅದಕ್ಕೆ ಹತ್ತಿರವಾದ ಪದವಾಗಲಿ ಈ ಶಾಸನದಲ್ಲಿ ಇಲ್ಲ. ಅಲ್ಲಿರುವುದು ಮತ್ತೂ ಕುತೂಹಲಕರವಾದುದು: ಒಂದು ರಾಜ್ಯನೀತಿಯನ್ನು ಅದಕ್ಕೆ ಒಪ್ಪದಿರಬಹುದಾದ ಜನರ ಮುಂದಿಟ್ಟು, ಅವರದೇ ಮೌಲ್ಯಗಳ ಮೂಲಕ ಅವರನ್ನು ಒಪ್ಪಿಸುವ ಮಾತು. ಈ ಲೇಖನವು ಆ ಮಾತಿನ ಬಗೆಯನ್ನೂ ಅದಕ್ಕಾಗಿ ತೆತ್ತ ಬೆಲೆಯನ್ನೂ ಪರಿಶೀಲಿಸುತ್ತದೆ.

ಮೊದಲು ಪ್ರಸಂಗವನ್ನು ನೋಡೋಣ. ಜೈನರಿಗೂ ಭಕ್ತರಿಗೂ, ಎಂದರೆ ಶ್ರೀವೈಷ್ಣವರಿಗೂ, ವಿವಾದ ಹುಟ್ಟಿತು. ಆನೆಯಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಸಮಸ್ತ ನಾಡುಗಳ ಭವ್ಯಜನರು ಭಕ್ತರಿಂದ ತಮಗಾದ ಅನ್ಯಾಯವನ್ನು ಬುಕ್ಕರಾಯನಲ್ಲಿ ಬಿನ್ನವಿಸಿದರು. ಅನ್ಯಾಯ ಯಾವುದೆಂಬುದನ್ನು ಶಾಸನ ಬಿಡಿಸಿ ಹೇಳುವುದಿಲ್ಲ. ತೀರ್ಪಿನಿಂದ ತಗಾದೆಯನ್ನು ಊಹಿಸಿಕೊಳ್ಳಬೇಕು. ಜೈನದರ್ಶನಕ್ಕೆ ಪೂರ್ವಮರ್ಯಾದೆಯಂತೆ ಪಂಚಮಹಾವಾದ್ಯಗಳೂ ಕಳಶವೂ ಸಲ್ಲತಕ್ಕವು ಎಂಬುದು ತೀರ್ಪಿನ ಮೊದಲ ಮಾತು. ಆದ್ದರಿಂದ ಜಗಳವಿದ್ದುದು ತತ್ತ್ವದಲ್ಲಲ್ಲ, ಬೀದಿಯಲ್ಲಿ. ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಎಂದು ಸಾಮಾನ್ಯವಾಗಿ ಎಣಿಸುವ ಈ ಐದು ವಾದ್ಯಗಳು ಯಾರ ಮುಂದೆ ಮೊಳಗುತ್ತವೆ ಎಂಬುದು ಅಂದಿನ ಸಮಾಜದಲ್ಲಿ ಅಂತಸ್ತಿನ ಪ್ರಶ್ನೆಯಾಗಿತ್ತು. ಸಾಮಂತರ ಬಿರುದಾವಳಿಯಲ್ಲಿ ಪಂಚಮಹಾಶಬ್ದದ ಪ್ರಸ್ತಾಪ ಪದೇ ಪದೇ ಬರುವುದನ್ನು ಶಾಸನಗಳ ಅಭ್ಯಾಸಿಗಳೆಲ್ಲರೂ ಬಲ್ಲರು. ಒಂದು ಸಮುದಾಯದ ಉತ್ಸವದ ವಾದ್ಯವನ್ನು ನಿಲ್ಲಿಸುವುದೆಂದರೆ ಆ ಸಮುದಾಯಕ್ಕೆ ಊರಿನಲ್ಲಿ ಸ್ಥಾನವಿಲ್ಲವೆಂದು ಸಾರುವುದೇ ಆಗಿತ್ತು.

ಇಂಥ ವಿವಾದದಲ್ಲಿ ಅರಸನ ಮುಂದೆ ಸುಲಭವಾದ ಎರಡು ದಾರಿಗಳಿದ್ದುವು. ಒಂದು, ದಂಡದ ಮಾತು: ಜೈನರನ್ನು ತಡೆದವರಿಗೆ ಇಂತಿಷ್ಟು ದಂಡ ಎಂದು ಆಜ್ಞಾಪಿಸುವುದು. ಇನ್ನೊಂದು, ಸ್ಪರ್ಧೆಗೆ ಬಿಟ್ಟು ಗೆದ್ದವರಿಗೆ ಜಯಪತ್ರ ಕೊಡುವುದು. ಎರಡನೆಯ ದಾರಿಯ ಪರಿಣಾಮವನ್ನು ಕರ್ನಾಟಕದ ಜೈನರು ಆ ವೇಳೆಗಾಗಲೇ ಅನುಭವಿಸಿದ್ದರು. ಅಬ್ಬಲೂರಿನ ಸೋಮೇಶ್ವರ ದೇವಾಲಯದ ಶಾಸನ ಸುಮಾರು 1200ರದು. ಏಕಾಂತದ ರಾಮಯ್ಯನು ಜೈನರೊಡನೆ ಪಣವೊಡ್ಡಿ, ತಲೆಯನ್ನು ಕೊಟ್ಟು ಮರಳಿ ಪಡೆದನೆಂದೂ, ಜಿನನ ಮೂರ್ತಿಯನ್ನು ಕೆಡವಿದನೆಂದೂ, ದೂರು ಬಿಜ್ಜಳನವರೆಗೆ ಹೋದಾಗ ಅವನು ರಾಮಯ್ಯನಿಗೇ ಜಯಪತ್ರವನ್ನಿತ್ತನೆಂದೂ ಅದು ಹೇಳುತ್ತದೆ. ಪವಾಡದ ಐತಿಹಾಸಿಕತೆ ಇಲ್ಲಿ ನಮಗೆ ಮುಖ್ಯವಲ್ಲ. ಅರಸನು ಅಲ್ಲಿ ಅಂಪೈರಿನಂತೆ ನಿಂತಿದ್ದಾನೆ. ಗೆದ್ದವನಿಗೆ ಪತ್ರ, ಸೋತವನಿಗೆ ಮೌನ. ಬುಕ್ಕನು ಈ ಎರಡೂ ದಾರಿಗಳನ್ನು ಬಿಟ್ಟ.

ಅವನು ಮಾಡಿದ್ದು ಒಂದು ದೃಶ್ಯದ ರೂಪದಲ್ಲಿ ಶಾಸನದಲ್ಲಿ ಉಳಿದಿದೆ. ಹದಿನೆಂಟು ನಾಡಿನ ಶ್ರೀವೈಷ್ಣವರ ಕೈಯಲ್ಲಿ ಜೈನರ ಕೈಯನ್ನು ಹಿಡಿದು ಕೊಟ್ಟು, ವೈಷ್ಣವದರ್ಶನಕ್ಕೂ ಜೈನದರ್ಶನಕ್ಕೂ ಭೇದವಿಲ್ಲವೆಂದು ಸಾರಿದನಂತೆ. ಕನ್ನಡದಲ್ಲಿ ಕೈ ಹಿಡಿಯುವುದು ಮದುವೆಯ ಮಾತು. ಕೈ ಹಿಡಿದು ನಡೆಸುವುದು ಆಸರೆಯ ಮಾತು. ಶಾಸನದ ಈ ಮಾತನ್ನು ಕೇಳಿದವನ ಕಿವಿಗೆ ಎರಡೂ ಅರ್ಥ ತಟ್ಟಿರಲೇಬೇಕು. ಅರಸನು ಜೈನರಿಗೆ ಹಕ್ಕೊಂದನ್ನು ದಯಪಾಲಿಸಿ ವೈಷ್ಣವರನ್ನು ಗದರಿಸಿ ಕಳುಹಿಸಲಿಲ್ಲ. ಇವರು ಇನ್ನು ನಿಮ್ಮವರು ಎಂದು ಒಪ್ಪಿಸಿದ.

ಈ ಒಪ್ಪಿಸುವಿಕೆಯ ಹೃದಯವಿರುವುದು ಅದರ ಮುಂದಿನ ವಾಕ್ಯದಲ್ಲಿ. ಭಕ್ತರ ದೆಸೆಯಿಂದ ಜೈನದರ್ಶನಕ್ಕೆ ಹಾನಿಯಾಗಲಿ ವೃದ್ಧಿಯಾಗಲಿ ಉಂಟಾದರೆ ಅದನ್ನು ವೈಷ್ಣವದರ್ಶನಕ್ಕೇ ಆದ ಹಾನಿವೃದ್ಧಿಯೆಂದು ಭಾವಿಸಿ ವೈಷ್ಣವರು ಪಾಲಿಸುವರು ಎಂಬುದು ಅದರ ಆಶಯ. ಹಾನಿವೃದ್ಧಿ ಎಂಬ ಜೋಡುಪದವನ್ನು ಗಮನಿಸಬೇಕು. ಮನವಿ ತಂದವರ ನಡುವೆ ಸೆಟ್ಟರಿದ್ದರು. ಲಾಭನಷ್ಟದ ಲೆಕ್ಕದಲ್ಲಿಯೂ ಸಲ್ಲುವ ಪದವಿದು. ಆದರೆ ಲೆಕ್ಕದ ಕ್ರಮ ಇಲ್ಲಿ ಬದಲಾಗಿದೆ. ಜಗಳದಲ್ಲಿ ಒಬ್ಬರ ಹಾನಿ ಇನ್ನೊಬ್ಬರ ವೃದ್ಧಿ. ಶಾಸನವು ಎರಡನ್ನೂ ಒಂದೇ ಪುಟದಲ್ಲಿ ಬರೆಯುತ್ತದೆ. ಜೈನನ ಕಳಶವನ್ನು ಕೆಡವಿದ ಭಕ್ತನು ಇನ್ನು ತನ್ನ ಮತವನ್ನು ಬೆಳೆಸಿದವನಲ್ಲ, ಕುಂದಿಸಿದವನು.

ಕ್ರಿಯಾಪದದ ರೂಪವನ್ನೂ ನೋಡಬೇಕು. ವ್ಯಾಕರಣದ ಪಾಠದಲ್ಲಿ ಬೇಸರಪಟ್ಟುಕೊಳ್ಳುವ ವಿದ್ಯಾರ್ಥಿಗಳಿಗೆ ನಾನು ತೋರಿಸಲಿಚ್ಛಿಸುವ ಸ್ಥಳವಿದು. ಶಾಸನವು ಶ್ರೀವೈಷ್ಣವರ ವಿಷಯದಲ್ಲಿ 'ಪಾಲಿಸುವರು' ಎನ್ನುತ್ತದೆ. ಇದು ವಿಧ್ಯರ್ಥವಲ್ಲ, ಭವಿಷ್ಯದ ಬಹುವಚನ. ರಕ್ಷಿಸಿರಿ ಎಂಬ ಆಜ್ಞೆ ಇಲ್ಲಿಲ್ಲ. ವೈಷ್ಣವರೆಂಬವರು ರಕ್ಷಿಸುವವರು ಎಂಬ ವರ್ಣನೆಯಿದೆ. ರಾಜ್ಯದೊಳಗಿನ ಎಲ್ಲ ಬಸದಿಗಳಲ್ಲಿ ಈ ಶಾಸನವನ್ನು ನೆಡುವ ಕೆಲಸವೂ ಅರಸನ ಅಧಿಕಾರಿಗಳದಲ್ಲ, ವೈಷ್ಣವರದೇ. ಚಂದ್ರಸೂರ್ಯರಿರುವ ತನಕ ವೈಷ್ಣವಸಮಯವು ಜೈನದರ್ಶನವನ್ನು ಕಾಪಾಡಿಕೊಂಡು ಬರುತ್ತದೆ ಎಂಬ ಮಾತಿಗೂ ಇದೇ ಧಾಟಿ. ನೀನು ಹೀಗೆ ಮಾಡು ಎನ್ನುವುದಕ್ಕೂ ನಿನ್ನಂಥವನು ಹೀಗೆ ಮಾಡುತ್ತಾನೆ ಎನ್ನುವುದಕ್ಕೂ ಇರುವ ಅಂತರವನ್ನು ಈ ಶಾಸನ ಬರೆದವನು ಚೆನ್ನಾಗಿ ಅರಿತಿದ್ದ. ಮೊದಲ ಮಾತನ್ನು ಧಿಕ್ಕರಿಸಿದರೆ ಅರಸನನ್ನು ಧಿಕ್ಕರಿಸಿದಂತೆ. ಎರಡನೆಯದನ್ನು ಧಿಕ್ಕರಿಸಿದರೆ ತನ್ನತನವನ್ನೇ ಧಿಕ್ಕರಿಸಿದಂತೆ. ಬುಕ್ಕನ ಬಿರುದಾದರೂ ಯಾವುದು? ಭಾಷೆಗೆ ತಪ್ಪುವ ರಾಯರ ಗಂಡ. ಕೊಟ್ಟ ಮಾತಿಗೆ ತಪ್ಪುವವರನ್ನು ದಂಡಿಸುವುದೇ ಹೆಮ್ಮೆಯಾದ ಅರಸನು ಇಲ್ಲಿ ಇನ್ನೊಬ್ಬರಿಂದ ಮಾತನ್ನು ಕೊಡಿಸುತ್ತಿದ್ದಾನೆ.

ಯಾರಿಂದ ಎಂಬುದೂ ಮುಖ್ಯ. ಕೋವಿಲು (ಶ್ರೀರಂಗ), ತಿರುಮಲೆ, ಪೆರುಮಾಳ್‌ಕೋವಿಲು (ಕಂಚಿ), ತಿರುನಾರಾಯಣಪುರ (ಮೇಲುಕೋಟೆ) ಇವೇ ಮೊದಲಾದ ಕ್ಷೇತ್ರಗಳ ಆಚಾರ್ಯರಿಂದ ಪಟ್ಟಿ ಆರಂಭವಾಗುತ್ತದೆ. ಅಲ್ಲಿಗೇ ನಿಲ್ಲದೆ ಸಮಯಿಗಳು, ಸಾತ್ವಿಕರು, ದೇವರ ಸೇವೆಯವರು, ನೀರಿನ ಸೇವೆಯವರು, ಸಾವಂತ ಬೋವರು, ಕೊನೆಗೆ ತಿರುಕುಲ ಜಾಂಬವಕುಲದವರ ತನಕ ಇಳಿಯುತ್ತದೆ. ಇದನ್ನು ಶಾಸನಗಳ ವಾಡಿಕೆಯ ದೀರ್ಘಪಟ್ಟಿ ಎಂದು ದಾಟಿ ಹೋಗುವುದು ಸರಿಯಲ್ಲ. ಬೀದಿಯ ಜಗಳದಲ್ಲಿ ಮುಂದೆ ನಿಲ್ಲುವವರು ಆಚಾರ್ಯರಲ್ಲ. ಪಲ್ಲಕ್ಕಿ ಹೊರುವವರು, ನೀರು ತರುವವರು, ಅಂದಿನ ಸಮಾಜ ಕೆಳಗಿಟ್ಟ ಕುಲಗಳವರು ತಾವೂ ಶ್ರೀವೈಷ್ಣವರೆಂದು ಎಣಿಸಲ್ಪಟ್ಟು ಮಾತಿಗೆ ಒಳಪಟ್ಟಾಗ ಮಾತ್ರ ಆ ಮಾತು ಬೀದಿಯಲ್ಲಿ ನಡೆದೀತು. ತಿರುಕುಲದವರಿಗೆ ಮೇಲುಕೋಟೆಯ ಸಂಪ್ರದಾಯದಲ್ಲಿರುವ ಸ್ಥಾನವನ್ನು ನೆನೆದರೆ, ಅವರನ್ನು ಹೆಸರಿಸಿ ಕರೆದ ಗೌರವವೇ ಮನವೊಲಿಕೆಯ ಒಂದು ಭಾಗವಾಗಿತ್ತೆಂದು ತೋರುತ್ತದೆ.

ಕೋವಿಲಿನ ಆಚಾರ್ಯರ ವಿಷಯದಲ್ಲಿ ಇನ್ನೊಂದು ಸಂಗತಿಯಿದೆ. 1323ರ ದಾಳಿಯ ನಂತರ ಶ್ರೀರಂಗದ ಉತ್ಸವಮೂರ್ತಿ ತನ್ನ ಕ್ಷೇತ್ರವನ್ನು ಬಿಟ್ಟು ದಶಕಗಳ ಕಾಲ ಊರೂರು ಅಲೆಯಬೇಕಾಯಿತು. ಅದು ಮರಳಿ ಪ್ರತಿಷ್ಠೆಗೊಂಡದ್ದು ಬುಕ್ಕನ ಮಗ ಕಂಪಣನ ದಂಡಯಾತ್ರೆಯ ಫಲವಾಗಿ, 1371ರಲ್ಲಿ. ಎಂದರೆ 1368ರಲ್ಲಿ ಜೈನರ ಕೈಯನ್ನು ಹಿಡಿದವರು, ದೇವರು ಮನೆ ಬಿಟ್ಟು ಹೋದರೆ ಏನಾಗುತ್ತದೆಂದು ಸ್ವತಃ ಕಂಡವರು. ವಿಜಯನಗರದ ಅರಸನಿಂದ ರಕ್ಷಣೆಯನ್ನು ಎದುರುನೋಡುತ್ತಿದ್ದವರು. ಶಾಸನ ಈ ಮಾತನ್ನು ಆಡುವುದಿಲ್ಲ. ಇದು ನನ್ನ ಊಹೆ. ಆದರೆ ಪಾಲಿಸುವುದು ಎಂಬ ಪದಕ್ಕೆ ಆ ಸಭೆಯಲ್ಲಿ ಬರಿಯ ನಿಘಂಟಿನ ಅರ್ಥವಷ್ಟೇ ಇದ್ದಿರಲಾರದು. ಬುಕ್ಕನ ಮನೆತನ ವಿರೂಪಾಕ್ಷನ ಭಕ್ತರದು. ಎರಡು ಪಕ್ಷಗಳಲ್ಲಿ ಯಾವುದಕ್ಕೂ ಸೇರದ ಅರಸನು ಎರಡೂ ಪಕ್ಷಗಳಿಗೆ ಬೇಕಾದವನಾಗಿದ್ದುದೂ ಈ ಮಾತು ನಡೆಯಲು ಕಾರಣ.

ಇನ್ನು ಮಾತಿನ ಹಿಂದಿರುವ ವ್ಯವಸ್ಥೆ. ಮೌಲ್ಯವನ್ನು ಮಾತ್ರ ಹೇಳಿ ಕೈಕಟ್ಟಿ ಕುಳಿತರೆ ಶಾಸನ ಉಪದೇಶವಾಗುತ್ತಿತ್ತು. ರಾಜ್ಯದ ಜೈನರು ಮನೆಯೊಂದಕ್ಕೆ ವರ್ಷಕ್ಕೆ 1 ಹಣದಂತೆ ಕೊಡಬೇಕು. ಭವ್ಯರ ಸಮ್ಮತಿಯಿಂದ ಅದನ್ನು ವಹಿಸಿಕೊಳ್ಳುವವರು ತಿರುಮಲೆಯ ತಾತಯ್ಯ. ಆ ಹಣದಿಂದ ಬೆಳಗೊಳದ ದೇವರ ಅಂಗರಕ್ಷಣೆಗೆ 20 ಆಳುಗಳನ್ನು ನೇಮಿಸಬೇಕು. ಉಳಿದ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣಬಣ್ಣ ಮಾಡಿಸಬೇಕು. ಜೈನರ ಹಣದಿಂದ, ವೈಷ್ಣವ ಆಚಾರ್ಯನ ಕೈಯಿಂದ, ಬೆಳಗೊಳದ ಕಾವಲು. ಜಗಳವಾಡಿದ ಎರಡು ಪಕ್ಷಗಳು ಪ್ರತಿವರ್ಷವೂ ಲೆಕ್ಕಕ್ಕಾಗಿಯಾದರೂ ಒಂದೆಡೆ ಸೇರಬೇಕಾದ ಏರ್ಪಾಡಿದು. ತಪ್ಪಿದವರು ರಾಜದ್ರೋಹಿಗಳು, ಸಂಘದ್ರೋಹಿಗಳು, ಸಮುದಾಯದ್ರೋಹಿಗಳು ಎಂಬ ಎಚ್ಚರಿಕೆ ಬರುವುದು ಇಷ್ಟೆಲ್ಲ ಆದ ಮೇಲೆ. ಗಂಗೆಯ ತಡಿಯಲ್ಲಿ ಕಪಿಲೆಯನ್ನೂ ಬ್ರಾಹ್ಮಣನನ್ನೂ ಕೊಂದ ಪಾಪದ ವಾಡಿಕೆಯ ಶಾಪವೂ ಇದೆ. ಅದು ಯಾರ ಮೌಲ್ಯದ ಭಾಷೆಯೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿಗೆ ಬಂದಾಗ ಬೇರೊಂದು ಕಾಲದ ಮಾತು ನೆನಪಾಗದೆ ಇರದು. ಕಲಬುರಗಿ ಜಿಲ್ಲೆಯ ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ, ಕಾಳಿಕಾ ಮೂರ್ತಿಯ ಪೀಠವಾಗಿ ಬಳಕೆಯಾಗಿದ್ದ ಕಲ್ಲಿನ ಮೇಲೆ ಅಶೋಕನ ಧರ್ಮಲಿಪಿಗಳ ಭಾಗಗಳು ದೊರೆತವಷ್ಟೆ. ಅವುಗಳಲ್ಲಿ ಹನ್ನೆರಡನೆಯ ಬಂಡೆಶಾಸನದ ಭಾಗವೂ ಉಂಟು. ಆ ಶಾಸನದ ವಿಷಯ ಪಾಷಂಡಗಳ, ಎಂದರೆ ಬೇರೆ ಬೇರೆ ಮತಸಮುದಾಯಗಳ, ಪರಸ್ಪರ ಸಂಬಂಧ. ದಾನಕ್ಕಿಂತಲೂ ಪೂಜೆಗಿಂತಲೂ ಎಲ್ಲ ಪಾಷಂಡಗಳ ಸಾರವೃದ್ಧಿ ದೊಡ್ಡದು. ಅದರ ಮೂಲ ವಚೋಗುಪ್ತಿ. ತನ್ನ ಮತದ ಮೇಲಿನ ಭಕ್ತಿಯಿಂದಲೇ ಪರಮತವನ್ನು ಹಳಿಯುವವನು ಹೆಚ್ಚು ಘಾಸಿಗೊಳಿಸುವುದು ತನ್ನ ಮತವನ್ನೇ ಎಂಬುದು ಅಲ್ಲಿಯ ವಿಚಾರ. ಬುಕ್ಕನ ಶಾಸನದ ಹಾನಿವೃದ್ಧಿಯ ವಾದಕ್ಕೂ ಇದಕ್ಕೂ ಸಾಮ್ಯ ಸ್ಪಷ್ಟವಾಗಿದೆ. ಬುಕ್ಕನ ಕಾಲಕ್ಕೆ ಬ್ರಾಹ್ಮೀಲಿಪಿಯನ್ನು ಓದಬಲ್ಲವರಿರಲಿಲ್ಲ. ಆದುದರಿಂದ ಪ್ರಭಾವದ ಮಾತು ಬೇಡ. ಭಕ್ತಿಯಿಂದಲೇ ಹುಟ್ಟುವ ಜಗಳವನ್ನು ಭಕ್ತಿಯ ಭಾಷೆಯಿಂದಲೇ ತಣಿಸಬೇಕಾದಾಗ ವಾದವು ಈ ರೂಪವನ್ನು ತಾಳುತ್ತದೆ ಎಂದಷ್ಟೇ ಹೇಳಬಹುದು.

ಅಶೋಕನು ಬಳಸುವ ವಚೋಗುಪ್ತಿಯ ಪದ ಜೈನಶಾಸ್ತ್ರದ ಅಭ್ಯಾಸಿಗಳಿಗೆ ಹೊಸತಲ್ಲ. ಮನ, ವಚನ, ಕಾಯ ಎಂಬ ಮೂರು ಗುಪ್ತಿಗಳನ್ನು ತತ್ತ್ವಾರ್ಥಸೂತ್ರ ಹೇಳುತ್ತದೆ. ಶ್ರಮಣರ ಸಾಧನೆಗೆ ಸೇರಿದ ಪದವನ್ನು ಅರಸನು ರಾಜ್ಯನೀತಿಗೆ ತಂದುಕೊಂಡ. ಮಾತನ್ನು ಬಿಗಿಹಿಡಿಯಿರಿ ಎಂದು ದಂಡಾಧಿಕಾರಿಯ ಬಾಯಿಂದ ಹೇಳಿಸಿದ್ದರೆ ಅದು ಬಾಯಿ ಮುಚ್ಚಿಸುವುದಾಗುತ್ತಿತ್ತು. ವಚೋಗುಪ್ತಿ ಎಂದಾಗ ಅದು ಕೇಳುವವನ ಆದರ್ಶವೇ ಆಯಿತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಲಘುಶಾಸನದಲ್ಲಿ ತಾಯಿತಂದೆಗಳ ಶುಶ್ರೂಷೆ, ಪ್ರಾಣಿದಯೆ, ಸತ್ಯ, ಗುರುಗೌರವಗಳನ್ನು ಹೇಳಿ ಇದು ಹಳೆಯ ಪ್ರಕೃತಿ, ದೀರ್ಘಾಯುಷ್ಯವನ್ನು ತರುವಂಥದು ಎನ್ನುತ್ತಾನೆ. ಹೊಸ ಧರ್ಮನೀತಿಯನ್ನು ಹಳೆಯ ನಡವಳಿಕೆಯೆಂದು ಮಂಡಿಸುವ ಈ ಜಾಣ್ಮೆ ಬುಕ್ಕನ 'ಪೂರ್ವಮರ್ಯಾದೆ'ಯಲ್ಲಿಯೂ ಇದೆ.

ವಚೋಗುಪ್ತಿಯ ದೃಷ್ಟಿಯಿಂದ ಬೆಳಗೊಳದ ಶಾಸನದ ಗದ್ಯಭಾಗವನ್ನು ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಜೈನರನ್ನು ಅದು ಭವ್ಯರು ಎನ್ನುತ್ತದೆ. ಮೋಕ್ಷಕ್ಕೆ ಅರ್ಹರಾದವರೆಂದು ಜೈನರು ತಮ್ಮನ್ನು ತಾವು ಕರೆದುಕೊಳ್ಳುವ ಹೆಸರು ಅದು. ವೈಷ್ಣವರನ್ನು ಭಕ್ತರು ಎನ್ನುತ್ತದೆ. ಇಬ್ಬರಿಗೂ ಅವರವರು ಇಷ್ಟಪಟ್ಟ ಹೆಸರು, ಎರಡೂ ದರ್ಶನಗಳೇ. ಅನ್ಯಾಯ ಮಾಡಿದವರಾರೆಂಬುದನ್ನೂ ಮರೆಮಾಚಿಲ್ಲ, ಅವರನ್ನು ಹೀಗಳೆದೂ ಇಲ್ಲ.

ಆದರೆ ಇದು ಗದ್ಯದ ಮಾತು. ಗದ್ಯಕ್ಕೆ ಮೊದಲು, ಶಾಸನದ ನೆತ್ತಿಯಲ್ಲಿ, ಒಂದು ಸಂಸ್ಕೃತ ಶ್ಲೋಕವಿದೆ. ರಾಮಾನುಜರ ಜಯಘೋಷ ಅದು; ಪಾಷಂಡರೆಂಬ ಸಾಗರಕ್ಕೆ ಅವರನ್ನು ಬಡಬಾಗ್ನಿಯೆಂದು ಹೊಗಳುತ್ತದೆ. ಅಶೋಕನ ಶಾಸನದಲ್ಲಿ ಎಲ್ಲ ಮತಗಳಿಗೂ ಸಮಾನವಾಗಿ ಸಂದಿದ್ದ ಪಾಷಂಡ ಶಬ್ದ ಹದಿನಾಲ್ಕನೆಯ ಶತಮಾನದ ವೇಳೆಗೆ ವೇದಬಾಹ್ಯರನ್ನು ಹಳಿಯುವ ಮಾತಾಗಿತ್ತು; ಆ ಸಾಗರದಲ್ಲಿ ಜೈನರೂ ಸೇರಿದವರೇ. ತಮಗೆ ರಕ್ಷಣೆ ನೀಡುವ ಶಾಸನವನ್ನು ಜೈನರು ತಮ್ಮದೇ ಬಸದಿಯ ಆವರಣದಲ್ಲಿ, ತಮ್ಮನ್ನು ಸುಡುವ ಬೆಂಕಿಯ ಹೊಗಳಿಕೆಯೊಡನೆ ನಿಲ್ಲಿಸಿಕೊಳ್ಳಬೇಕಾಯಿತು. ನಮ್ಮ ಸಮನ್ವಯವಾದಿ ಲೇಖಕರು ಈ ಶ್ಲೋಕವನ್ನು ಬಿಟ್ಟು ಉಳಿದುದನ್ನು ಉದ್ಧರಿಸುವುದುಂಟು. ಕೆಲವರು ಶ್ಲೋಕವನ್ನು ಮಾತ್ರ ಹಿಡಿದು ಇಡೀ ಶಾಸನವೇ ಕಪಟವೆನ್ನುವುದೂ ಉಂಟು. ಎರಡೂ ಅರೆ ಓದುಗಳು. ವೈಷ್ಣವರು ತಮ್ಮದೆಂದು ಒಪ್ಪಿ ನೆಡಬೇಕಾದ ಕಲ್ಲು ವೈಷ್ಣವರ ಮಂಗಳದಿಂದಲೇ ಆರಂಭವಾಗಬೇಕಿತ್ತು. ಕೇಳುವವನ ಮೌಲ್ಯದ ಭಾಷೆಯಲ್ಲಿ ಮಾತನಾಡುವವನು ಆ ಭಾಷೆಯೊಳಗಿನ ಮುಳ್ಳುಗಳನ್ನೂ ಎತ್ತಿಕೊಳ್ಳಬೇಕಾಗುತ್ತದೆ.

ಭೇದವಿಲ್ಲ ಎಂಬ ಮಾತನ್ನೂ ಇದರ ಜೊತೆಗಿಟ್ಟು ಅರ್ಥಮಾಡಬೇಕು. ಸೃಷ್ಟಿಕರ್ತನಾದ ಈಶ್ವರನನ್ನು ಒಪ್ಪದ ದರ್ಶನಕ್ಕೂ ನಾರಾಯಣನ ಪಾರಮ್ಯವೇ ಜೀವಾಳವಾದ ದರ್ಶನಕ್ಕೂ ಸಿದ್ಧಾಂತದಲ್ಲಿ ಭೇದವಿಲ್ಲವೆಂದು ಆ ಸಭೆಯ ಒಬ್ಬ ಆಚಾರ್ಯನಾದರೂ ನಂಬಿರಲಾರ. ಇದರಲ್ಲಿ ಅನೇಕಾಂತದ ಛಾಯೆಯನ್ನು ಕಾಣುವ ಉತ್ಸಾಹ ನಮ್ಮಲ್ಲಿ ಕೆಲವರಿಗಿದೆ. ನನಗೆ ಅದು ಅನಗತ್ಯವೆನಿಸುತ್ತದೆ. ಇಲ್ಲಿಯ ಅಭೇದ ಮರ್ಯಾದೆಯ ಅಭೇದ, ಎಂದರೆ ವಾದ್ಯ, ಕಳಶ, ಬೀದಿ, ಕಾವಲುಗಳ ಮಟ್ಟದ್ದು. ತತ್ತ್ವದ ಭೇದವನ್ನು ಅಳಿಸಲು ಹೋಗದೆ ಅದನ್ನು ಬೀದಿಗೆ ಬಾರದಂತೆ ತಡೆದದ್ದೇ ಈ ನೀತಿಯ ಬಲ.

ಬೆಲೆಯ ಮಾತಿಗೆ ಮರಳೋಣ. ಕೈಹಿಡಿಸಿಕೊಂಡವರು ಕೈಹಿಡಿದವರ ಮನೆಗೆ ಸೇರುತ್ತಾರೆ. ಗಂಗರ, ಹೊಯ್ಸಳರ ಕಾಲದಲ್ಲಿ ಜೈನರು ದಾನಿಗಳು, ದಂಡನಾಯಕರು, ಅರಸರ ಗುರುಗಳು. ಶಾಸನ ನಿಂತಿರುವ ಈ ಬಸದಿಯನ್ನು 1159ರಲ್ಲಿ ಕಟ್ಟಿಸಿದ ಹುಳ್ಳನು ಹೊಯ್ಸಳ ನರಸಿಂಹನ ಭಂಡಾರಿ. ಅದೇ ಆವರಣದಲ್ಲಿ, ಎರಡು ಶತಮಾನಗಳ ನಂತರ, ಜೈನರು ರಕ್ಷಣೀಯರು. ಹಾನಿವೃದ್ಧಿಯ ಸಮೀಕರಣ ಒಮ್ಮುಖವಾದುದು ಎಂಬುದನ್ನೂ ಕಾಣಬೇಕು: ಜೈನರ ಹಾನಿ ವೈಷ್ಣವರ ಹಾನಿಯೆಂದು ಹೇಳಿದ ಶಾಸನ, ವೈಷ್ಣವರ ಹಾನಿ ಜೈನರದೆಂದು ಹೇಳುವ ಅಗತ್ಯವನ್ನೇ ಕಾಣಲಿಲ್ಲ. ಹಾಗೆಂದು ಈ ರಾಜ್ಯದಲ್ಲಿ ಜೈನರು ನೆಲೆ ಕಳೆದುಕೊಂಡರೆನ್ನುವಂತಿಲ್ಲ. ಎರಡನೆಯ ಹರಿಹರನ ದಂಡನಾಯಕ ಇರುಗಪ್ಪನು ರಾಜಧಾನಿಯಲ್ಲಿಯೇ ಕುಂಥುನಾಥನ ಜಿನಾಲಯವನ್ನು ಕಟ್ಟಿಸಿದ್ದು ಇದಾದ ಹದಿನೇಳು ವರ್ಷಗಳಿಗೆ, 1385ರಲ್ಲಿ. ಹಂಪಿಯಲ್ಲಿ ಗಾಣಗಿತ್ತಿ ಗುಡಿಯೆಂದು ಕರೆಯುವುದು ಅದನ್ನೇ.

ಬೆಲೆ ಇನ್ನೂ ಸ್ಪಷ್ಟವಾಗಿ ಕಾಣುವುದು 1638ರ ಹಳೇಬೀಡಿನ ಶಾಸನದಲ್ಲಿ. ಬೇಲೂರನ್ನು ವೆಂಕಟಾದ್ರಿ ನಾಯಕನು ಆಳುತ್ತಿದ್ದಾಗ ಹುಚ್ಚಪ್ಪದೇವರು ವಿಜಯಪಾರ್ಶ್ವನಾಥ ಬಸದಿಯ ಕಂಬಗಳಿಗೆ ಲಿಂಗಮುದ್ರೆ ಹಾಕಿದರು; ವಿಜಯಪ್ಪ ಅದನ್ನು ಅಳಿಸಿದ. ವಿವಾದ ಬೆಳೆದು, ವೀರಶೈವರ ಮಹಾಮಹತ್ತು ಮತ್ತು ಜೈನಮುಖಂಡರು ಸೇರಿ ಒಪ್ಪಂದ ಮಾಡಿಕೊಂಡರು. ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ, ಆಮೇಲೆ ಜೈನರು ತಮ್ಮ ಪೂಜಾದಿಗಳನ್ನು ಪೂರ್ವದಂತೆ ನಡೆಸಿಕೊಳ್ಳಬಹುದು. ಈ ಧರ್ಮಕ್ಕೆ ಅಡ್ಡಿಪಡಿಸುವ ವೀರಶೈವನು ಮಹಾಮಹತ್ತಿಗೆ ಹೊರಗು. ಲಿಂಗಕ್ಕೆ, ಜಂಗಮಕ್ಕೆ, ವಿಭೂತಿ ರುದ್ರಾಕ್ಷಿಗಳಿಗೆ ದ್ರೋಹಿ. ಬುಕ್ಕನ ಶಾಸನದ ತರ್ಕವೇ ಇದು: ಜೈನನ ಪೂಜೆಗೆ ಅಡ್ಡಬಂದವನು ಜೈನನಿಗಲ್ಲ, ತನ್ನ ಲಿಂಗಕ್ಕೆ ದ್ರೋಹ ಬಗೆದವನು. ಆದರೆ ಇಲ್ಲಿ ನಡುವೆ ನಿಂತು ಕೈಹಿಡಿಸುವ ಮಹಾರಾಯನಿಲ್ಲ, ಮನೆಗೊಂದು ಹಣದ ಲೆಕ್ಕವಿಲ್ಲ, ಕಾವಲಿನ ಆಳುಗಳಿಲ್ಲ. ಉಳಿದಿರುವುದು ಬಲವುಳ್ಳವರ ಮೌಲ್ಯದ ಮಾತು ಮಾತ್ರ. ಅದರ ಮುಂದೆ ವಿಭೂತಿ ವೀಳ್ಯಗಳನ್ನಿಟ್ಟು ಪಾರ್ಶ್ವನಾಥನ ಪೂಜೆ ನಡೆಯಿತು. ನಡೆಯಿತು ಎಂಬುದನ್ನೂ ಮರೆಯುವಂತಿಲ್ಲ.

ಬೆಳಗೊಳದ ಶಾಸನಕ್ಕೆ ಆಮೇಲೆ ಸೇರಿಸಿದ ಕೆಲವು ಸಾಲುಗಳಿವೆ. ಬುಕ್ಕರಾಯನಲ್ಲಿ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನವರನ್ನು ಗೌರವದಿಂದ ಕರೆತಂದು ಜೀರ್ಣೋದ್ಧಾರವನ್ನು ಮಾಡಿಸಿದವನು ಕಲ್ಲೇಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿ. ಅರಸನ ಬಾಯಲ್ಲಿ ಬಂದ ಮಾತನ್ನು ಆಡಿಸಲು ಓಡಾಡಿದವನು, ಅದು ಸವೆದಾಗ ಮತ್ತೆ ನಿಲ್ಲಿಸಲು ಓಡಾಡಿದವನು ಈ ವ್ಯಾಪಾರಿಯೇ ಇರಬೇಕು. ಉಭಯ ಸಂಘಗಳೂ ಕೂಡಿ ಅವನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದುವು.